ಗೂಬೆರಾಣಿಯ ಎಡತೋಳು

ಸಂಘದ ಅಧ್ಯಕ್ಷೆ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ದರ್ಜಿಯಮ್ಮನಿಗೆ ಮೈಯೆಲ್ಲ ಉರಿಯಿತು. ಹುಟ್ಟಿನಿಂದಲೇ ಕೈಯೋ ಕಾಲೋ ಬೇರೆ ಥರ ಇರುವ ಹನ್ನೆರಡು ಮಕ್ಕಳಿಗೆ ಕಥೆಗಳ ರಾಜರಾಣಿಯರ ವೇಷ ಹಾಕಿಸಿ, ಫೋಟೊ ತೆಗೆಸಿ, ಕ್ಯಾಲೆಂಡರ್ ಮಾಡಿಸುವುದು ಆಕೆಯ ಈ ವರ್ಷದ ಸಮಾಜಸೇವೆ. ಹನ್ನೆರಡರಲ್ಲಿ ಒಬ್ಬಳು ದರ್ಜಿಯಮ್ಮನ ತಮ್ಮನ ಮಗಳು, ಒಂಬತ್ತು ವರ್ಷದ ಗುಬ್ಬಿ. ಅವಳ ಎಡಗೈ ಮೊಣಕೈಯಿಂದ ಮೂರು ಬೆರಳು ಕೆಳಗೆ ಮುಗಿಯುತ್ತದೆ. ತನ್ನ ಬಟ್ಟೆಯನ್ನು ಅತ್ತೆಯೇ ಹೊಲಿಯಬೇಕು, ಬೇರೆ ಯಾರು ಹೊಲಿದರೂ ಹಾಕಿಕೊಳ್ಳುವುದಿಲ್ಲ ಎಂದು ಹಟ ಹಿಡಿದಿದ್ದಳು.

ಅಧ್ಯಕ್ಷೆ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿಕೊಂಡು ಕೂತಳು. "ಒಂದು ಮಾತು. ಕೈ ಕಾಣ್ಬೇಕು, ಆದ್ರೆ ತುಂಬಾ ಕಾಣ್ಬಾರ್ದು."

"ಎಷ್ಟು ಕಾಣ್ಬೇಕು ಮೇಡಂ? ಅರ್ಧ ಇಂಚು ಸಾಕಾ?"

"ನೋಡೋರಿಗೆ ಮುಜುಗರ ಆಗ್ಬಾರ್ದು ಅಂದೆ, ಅಷ್ಟೆ. ಉದ್ದ ತೋಳು ಇಟ್ಟು ಒಳಗೆ ಒಂಚೂರು ಹತ್ತಿ ತುಂಬಿದ್ರೆ ಆಯ್ತು. ಮತ್ತೆ ಗೂಬೆ ಯಾಕೆ? ಕಿನ್ನರಿ ಮಾಡಿ, ಮುದ್ದಾಗಿರತ್ತೆ."

"ಗೂಬೆಗಳಿಗೆ ರಾಣಿ ಆಗ್ತೀನಿ ಅಂತ ಅಪ್ಪಣೆ ಆಗಿದೆ. ರಾಣಿಗೆ ಎದುರಾಡೋ ಧೈರ್ಯ ನನಗಿಲ್ಲ."

ಅಧ್ಯಕ್ಷೆ ಹೋದದ್ದೇ ತಡ, ದರ್ಜಿಯಮ್ಮ ಬಾಯಿ ಬಿಚ್ಚಿದಳು. ಮೂಲೆಯಲ್ಲಿ ಗುಂಡಿಗಳಿಗೆ ಕಾಜ ಹಾಕುತ್ತಿದ್ದ ಗೆಳತಿಗೆ ಇಂಥ ದಿನಗಳೆಂದರೆ ಹಬ್ಬ.

"ಹತ್ತಿ ತುಂಬ್ಬೇಕಂತೆ ಹತ್ತಿ. ಅವಳ ತಲೆಯೊಳಗೆ ಇರೋದನ್ನೇ ತೆಗೆದು ತುಂಬಿದ್ರೆ ಆಯ್ತು. ಮಗು ಕೈ ನೋಡಿದ್ರೆ ಇವರಿಗೆ ಮುಜುಗರ. ಇವರ ಮುಖ ನೋಡಿ ನಮಗೆ ಆಗೋ ಮುಜುಗರಕ್ಕೆ ಯಾವ ಕ್ಯಾಲೆಂಡರ್ ಇದೆ?"

ಬಯ್ಯುತ್ತಲೇ ಕಂದು ಬಟ್ಟೆ ಹರಡಿದಳು, ಮಡಿಸಿದಳು, ಕತ್ತರಿ ಆಡಿಸಿದಳು. ಅಧ್ಯಕ್ಷೆಯನ್ನು ಬಯ್ದು ಮುಗಿದ ಮೇಲೆ ಫೋಟೊದವನ ಸರದಿ, ಆಮೇಲೆ "ಪಾಪ, ಎಷ್ಟು ಚೂಟಿ ಮಗು" ಎಂದು ನಿಟ್ಟುಸಿರಿಡುವ ಪಕ್ಕದ ಮನೆಯವಳ ಸರದಿ. ಜಗತ್ತಿನಲ್ಲಿ ಗುಬ್ಬಿಯನ್ನು ಸರಿಯಾಗಿ ನೋಡುವವಳು ತಾನೊಬ್ಬಳೇ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಾಲ್ಕು ದಿನ ಕೂತು ಚೂರುಬಟ್ಟೆಯ ಗರಿಗಳನ್ನು ಒಂದೊಂದಾಗಿ ಹೊಲಿದಳು. ಬಾಯಿಗೂ ಬಿಡುವಿರಲಿಲ್ಲ, ಕೈಗೂ ಬಿಡುವಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಗುಬ್ಬಿ ಬಂದಳು. ಅಳತೆ ನೋಡುವ ನೆಪದಲ್ಲಿ ಅಧ್ಯಕ್ಷೆಯೂ ಬಂದು ಕೂತಿದ್ದಳು. ಪರದೆಯ ಹಿಂದಿನಿಂದ ಗೂಬೆರಾಣಿ ಹೊರಬಂದು ಕನ್ನಡಿಯ ಮುಂದೆ ನಿಂತಾಗ ದರ್ಜಿಯಮ್ಮ ಕೂತಲ್ಲಿಂದ ಎದ್ದು ನಿಂತಳು. ಬಲತೋಳು ಮಣಿಕಟ್ಟಿಗೆ ಸರಿಯಾಗಿ ಕೂತಿತ್ತು. ಎಡತೋಳೂ ಅಷ್ಟೇ ಉದ್ದ. ಮೊಣಕೈ ದಾಟಿದ ಮೇಲೆ ಅದು ಗರಿಗಳ ಸಮೇತ ಜೋತುಬಿದ್ದಿತ್ತು.

ದರ್ಜಿಗಳು ತೋಳನ್ನು ಒಂದೊಂದಾಗಿ ಕತ್ತರಿಸುವುದಿಲ್ಲ. ಬಟ್ಟೆಯನ್ನು ಎರಡು ಪದರ ಮಾಡಿ ಒಂದೇ ಏಟಿಗೆ ಜೋಡಿ ತೆಗೆಯುತ್ತಾರೆ. ಮೂವತ್ತು ವರ್ಷದಿಂದ ಹಾಗೆ ಕತ್ತರಿಸಿದವಳು ಈ ಸಲವೂ ಹಾಗೆಯೇ ಕತ್ತರಿಸಿದ್ದಳು. ಗುಬ್ಬಿಗೆ ಇದುವರೆಗೆ ಹೊಲಿದದ್ದೆಲ್ಲ ಗಿಡ್ಡ ತೋಳಿನ ಫ್ರಾಕುಗಳಾದ್ದರಿಂದ ಸಿಕ್ಕಿಬಿದ್ದಿರಲಿಲ್ಲ, ಅಷ್ಟೆ.

ಗುಬ್ಬಿ ಅಳಲಿಲ್ಲ. ಜೋತ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು, ಬಲಗೈಯಿಂದ ಚಕಚಕನೆ ಮೇಲಕ್ಕೆ ಮಡಿಸತೊಡಗಿದಳು.

"ಪರ್ವಾಗಿಲ್ಲ ಅತ್ತೆ. ಸ್ಕೂಲ್ ಸ್ವೆಟರೂ ಹೀಗೇ ಬರತ್ತೆ. ನನಗೆ ಅಭ್ಯಾಸ ಇದೆ."

"ಮಡಿಸ್ಬೇಡ ಮರಿ, ಹಾಗೇ ಬಿಡು," ಎಂದಳು ಅಧ್ಯಕ್ಷೆ. ಅವಳ ಮುಖ ಅರಳಿತ್ತು. "ನೋಡಿ, ಇಳಿಬಿಟ್ರೆ ಏನೂ ಗೊತ್ತೇ ಆಗಲ್ಲ. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಮಾಡಿದ್ದೀರಿ. ನಿಮ್ಮ ಕೈಗುಣ ದೊಡ್ಡದು."

ನಾಲ್ಕು ದಿನ ಯಾರ ಹೆಸರು ಹಿಡಿದು ಉಗಿದಿದ್ದಳೋ ಆಕೆಯಿಂದಲೇ ಶಹಭಾಸ್‌ಗಿರಿ. ಕಾಜದ ಗೆಳತಿ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುವವಳಂತೆ ಕೂತಳು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ದರ್ಜಿಯಮ್ಮನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಬೇಕಂತ ಮಾಡಿದ್ದಲ್ಲ ಮೇಡಂ," ಎಂದಳು. "ಇವಳ ಕೈ ನನಗೆ ನೆನಪೇ ಆಗ್ಲಿಲ್ಲ."

ಅಧ್ಯಕ್ಷೆ ಬೇಡ ಬೇಡ ಎನ್ನುತ್ತಿದ್ದಂತೆಯೇ ಅವಳು ಗುಬ್ಬಿಯ ಮುಂದೆ ಮಂಡಿಯೂರಿ ಕತ್ತರಿ ತೆಗೆದುಕೊಂಡಳು.

"ಎಲ್ಲಿಗೆ ನಿಲ್ಲಿಸ್ಲಿ ಕಂದಾ?"

"ತುದಿ ಪೂರ್ತಿ ಕಾಣ್ಬೇಕು. ಗೂಬೆಗಳಿಗೆ ನಾನು ಈ ಕೈಯಲ್ಲೇ ಅಪ್ಪಣೆ ಕೊಡೋದು."

ದರ್ಜಿಯಮ್ಮ ಟೇಪನ್ನು ಭುಜದ ಮೇಲಿಟ್ಟು ಮೊಣಕೈ ದಾಟಿಸಿ, ಆ ಗುಂಡನೆಯ ತುದಿಯವರೆಗೆ ಎಳೆದಳು. ಒಂಬತ್ತು ವರ್ಷ ಎತ್ತಿ ಆಡಿಸಿದ ಮಗು. ಟೇಪು ಅಲ್ಲಿಗೆ ಮುಟ್ಟಿದ್ದು ಇದೇ ಮೊದಲು.

"ಹನ್ನೆರಡೂವರೆ," ಎಂದಳು.

ಗುಬ್ಬಿ ಅತ್ತೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಬರ್ಕೋ ಅತ್ತೆ," ಎಂದಳು. "ಮತ್ತೆ ಮರೀತೀಯ."