ಬಾಲದ ಮೇಲಿನ ಹೆಸರು

ಗೋಕಾಕದ ರಸ್ತೆಯಲ್ಲಿ ಇಮಾಮಹುಸೇನನ ಹೆಸರು ಓದದೆ ಯಾರೂ ಮುಂದೆ ಹೋಗುವಂತಿರಲಿಲ್ಲ. ಕಬ್ಬು ಹೇರಿದ ಟ್ರೇಲರ್ ಅಡ್ಡ ಬಂತೆಂದರೆ ಅದರ ಹಿಂಬದಿಯಲ್ಲಿ, ಅವನೇ ಬಣ್ಣದಲ್ಲಿ ಬರೆದ ನವಿಲಿನ ಕೆಳಗೆ, ‘ಇಮಾಮ ಪೇಂಟರ್, ಗೋಕಾಕ’ ಇದ್ದೇ ಇರುತ್ತಿತ್ತು. ಹಿಂದೆ ಸಿಕ್ಕಿಬಿದ್ದವರು ಹಾರ್ನ್ ಹೊಡೆಯುತ್ತ ಅದನ್ನೇ ಓದಬೇಕು. ಓದಲಿ ಬಿಡಿ, ಪುಕ್ಕಟೆ ಅಲ್ಲವೇ ಎಂಬುದು ಅವನ ಮಾತು.

ಇಂಥವನನ್ನು ಹುಕ್ಕೇರಿಯ ಮುರಿಗೆಪ್ಪ ಸಾಹುಕಾರರು ಕರೆಸಿದರು. ಎಲ್ಲಿಂದಲೋ ಹಳೆಯ ವಿಮಾನವೊಂದನ್ನು ಕೊಂಡಿದ್ದರು, ಇಬ್ಬರು ಕೂರುವಂಥದ್ದು. ರೆಕ್ಕೆ ಬಿಚ್ಚಿಸಿಕೊಂಡು ಅದು ಬೆಲ್ಲದ ಗೋದಾಮಿನಲ್ಲಿ ನಿಂತಿತ್ತು. ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಎಂಜಿನ್ ಕೆಲಸ ಬೆಳಗಾವಿಯ ವಿಮಾನ ಎಂಜಿನಿಯರ್ ಅಶೋಕನದು, ಬಣ್ಣ ಇಮಾಮನದು. ಬಾಲದ ಮೇಲೆ ಪೇಂಟರನ ಹೆಸರು ಬರೆಯುವುದಕ್ಕೂ ಸಾಹುಕಾರರು ಒಪ್ಪಿದರು. ಇನ್ನು ಕೇಳಬೇಕೆ? "ಇನ್ನ ಮ್ಯಾಲ ನನ್ನ ಹೆಸರ ಮುಗಿಲಿನಾಗ ಓಡಾಡತೈತಿ" ಎಂದು ಅವನು ಮೂಡಲಗಿಯ ದನದ ಸಂತೆಯಲ್ಲಿ ಡಂಗುರ ಸಾರಿಬಂದ.

ಮಗಳು ಫರೀನ ಸ್ಪ್ರೇ ಗನ್ ಹಿಡಿದು ಕಾರುಗಳಿಗೆ ಬಣ್ಣ ಹೊಡೆಯುವವಳು. ವಿಮಾನದ ಮೈ, ರೆಕ್ಕೆ ಅವಳ ಪಾಲಿಗೆ ಬಂದವು. ಬಾಲದಲ್ಲಿ ಅತ್ತಿತ್ತ ತಿರುಗುವ ಚುಕ್ಕಾಣಿಯ ಹಲಗೆಯನ್ನು ಮಾತ್ರ ಇಮಾಮ ಯಾರಿಗೂ ಮುಟ್ಟಗೊಡಲಿಲ್ಲ. ಹೆಸರು ಬರುವುದು ಅಲ್ಲೇ.

"ಬಾಬಾ, ತೆಳ್ಳಗ ಹಚ್ಚರಿ" ಎಂದಳು ಫರೀನ.

"ನಿನ್ನ ಗನ್ನಿನ ಬಣ್ಣ ಅಂದ್ರ ನೀರ ಚಿಮುಕಿಸಿದಂಗ. ಸುಮ್ನಿರು."

ಟ್ರೇಲರಿಗೆ ಹಚ್ಚುವ ಹಾಗೆಯೇ ಪದರದ ಮೇಲೆ ಪದರ ಎಳೆದ. ಮೇಲೊಂದು ನವಿಲನ್ನೂ ಕೂರಿಸಿದ. ಹಲಗೆ ಕನ್ನಡಿಯಂತೆ ಹೊಳೆಯಿತು. ಅಶೋಕ ಅದನ್ನು ಕೀಲಿನ ಮೇಲೆ ನಿಲ್ಲಿಸಿ ತೂಗಿ ನೋಡಿದ. ಹಲಗೆ ಹಿಂದಕ್ಕೆ ದಬಕ್ಕನೆ ವಾಲಿತು.

"ಕಾಕಾ, ಹಿಂದ ಭಾರ ಆಗೇತ್ರಿ. ಜೋರ ಹೊಂಟಾಗ ಗದಗದ ನಡಗತೈತಿ. ಬಾಲನ ಕಿತ್ತ ಹೋದೀತು."

"ಬಣ್ಣಕ್ಕ ಎಂಥಾ ಭಾರರೀ?" ಇಮಾಮನ ಸಿಟ್ಟು ನೆತ್ತಿಗೇರಿತು. ಆದರೆ ಹಲಗೆ ಅವನ ಕಣ್ಣೆದುರಿಗೇ ವಾಲಿಕೊಂಡಿತ್ತು. ಅದರೊಂದಿಗೆ ಜಗಳ ಆಡುವುದು ಹೇಗೆ?

ಬಣ್ಣ ಕೆರೆದು ತೆಗೆಯಲು ಫರೀನ ಮುಂದೆ ಬಂದಳು. ಅವನು ಬಿಡಲಿಲ್ಲ. ತನ್ನ ನವಿಲಿನ ಕುತ್ತಿಗೆಗೆ ತಾನೇ ಕೈ ಹಚ್ಚಿ, ಬೈದುಕೊಳ್ಳುತ್ತ ಕೆರೆದ. ಸಂತೆಯಲ್ಲಿ ಆಡಿದ ಮಾತು ನೆನಪಾಗಿ ನಾಚಿಕೆಯಾಯಿತು. ಕೆರೆದು ಮುಗಿದ ಮೇಲೆ ಹಲಗೆಯನ್ನು ಮಗಳ ಮುಂದಿಟ್ಟು, "ಹೊಡಿ, ನೋಡೂನು" ಎಂದ.

ಅವಳು ಹೊಡೆದಳು. ಈ ತುದಿಯಿಂದ ಆ ತುದಿಗೆ ಕೈ ಎಲ್ಲೂ ತಡೆಯಲಿಲ್ಲ. ಇಮಾಮ ಬಗ್ಗಿ ಬಗ್ಗಿ ನೋಡಿದ. ಎಲ್ಲಾದರೂ ಬಣ್ಣ ಸೋರಿದ್ದರೆ ಒಂದು ಮಾತು ಆಡಬಹುದಿತ್ತು. ಎಲ್ಲೂ ಇರಲಿಲ್ಲ. ವಿಮಾನದ ಉದ್ದಕ್ಕೂ ಹುಡುಕಿದ, ಅಲ್ಲೂ ಸಿಗಲಿಲ್ಲ. ಹೊಟ್ಟೆಕಿಚ್ಚಾಯಿತು, ಖರೆ. ಅದರ ಬೆನ್ನಿಗೇ ಎದೆ ಉಬ್ಬಿತು. ತನಗೆ ಬಾರದ ಕೆಲಸ ತನ್ನ ಮನೆಯಲ್ಲೇ ಇತ್ತಲ್ಲ.

"ಹೆಸರ ನೀವ ಬರೀರಿ ಬಾಬಾ. ನನ್ನ ಅಕ್ಷರ ಚಂದ ಇಲ್ಲ" ಎಂದಳು ಫರೀನ. ಅವನು ಎಲ್ಲಕ್ಕಿಂತ ಸಣ್ಣ ಬ್ರಶ್ ಆರಿಸಿ, ಒಂದೇ ಪದರದಲ್ಲಿ ಬರೆದ. ಅಶೋಕ ಮತ್ತೆ ತೂಗಿದ. ಹಲಗೆ ಅಲುಗಲಿಲ್ಲ.

ವಿಮಾನವನ್ನು ಲಾರಿಯಲ್ಲಿ ಬೆಳಗಾವಿಗೆ ಒಯ್ದು ರೆಕ್ಕೆ ಜೋಡಿಸಿದರು. ಕಾಗದಪತ್ರವೆಲ್ಲ ಮುಗಿದು ಸಾಹುಕಾರರು ಬೆಳಗಾವಿಯಿಂದ ಹಾರಿಬಂದ ದಿನ ಇಮಾಮ ಮಸಗುಪ್ಪಿಯಲ್ಲಿ ದುರ್ಗಪ್ಪನ ಟ್ರೇಲರಿಗೆ ಬಣ್ಣ ಹಚ್ಚುತ್ತಿದ್ದ. ಕಬ್ಬಿನ ಗದ್ದೆಗಳ ಮೇಲೆ ಬಿಳಿಯ ವಿಮಾನ ಬಿಸಿಲಿಗೆ ಮಿಂಚಿ ತಿರುಗಿತು. ಕಬ್ಬು ಕಡಿಯುವವರೆಲ್ಲ ಕುಡುಗೋಲು ಇಳಿಸಿ ನೋಡಿದರು.

"ನಿನ್ನ ಹೆಸರ ಎಲ್ಲೈತೋ ಇಮಾಮಾ? ಏನೂ ಕಾಣವಲ್ದು" ಎಂದ ದುರ್ಗಪ್ಪ.

"ನನ್ನ ಹೆಸರ ಇಲ್ಲ."

"ಮತ್ತ ಸಂತ್ಯಾಗ ಅಷ್ಟ ಬಡಕೊಂಡಿ?"

ಬೇರೆ ದಿನವಾಗಿದ್ದರೆ ಈ ಮಾತಿಗೆ ಬ್ರಶ್ ಎಸೆದು ಎದ್ದುಹೋಗುತ್ತಿದ್ದ. ಇವತ್ತು ವಿಮಾನ ಹುಕ್ಕೇರಿಯ ಕಡೆ ಸಣ್ಣದಾಗುವವರೆಗೂ ತಲೆಯೆತ್ತಿ ನೋಡಿದ.

"‘ಫರೀನ ಪೇಂಟರ್, ಗೋಕಾಕ’ ಅಂತ ಐತಿ. ನಾನ ಬರದೇನಿ. ಇಷ್ಟ ದಿನ ಬರದದ್ದರಾಗ ಅಷ್ಟ ಚಂದ ಅಕ್ಷರ ಇನ್ನೊಂದಿಲ್ಲ."