ಗಾಡಿ ಮೇಲಿನ ಹೆಸರು

ನಾನು ಹುಟ್ಟಿದ್ದು ಜೂನ್ ಒಂದಕ್ಕೆ ಎಂದು ಶಾಲೆಯ ಮಾಸ್ತರರು ಬರೆದುಕೊಂಡರು. ಕುರಿ ಕಾಯುವ ಮನೆಯಲ್ಲಿ ಹುಟ್ಟಿದ ದಿನ ಯಾರಿಗೆ ನೆನಪಿರುತ್ತದೆ? ನಮ್ಮವ್ವನನ್ನು ಕೇಳಿದರೆ, ‘ಕರೇ ಕುರಿ ಎರಡ ಮರಿ ಹಾಕಿದ ವಾರ’ ಎನ್ನುತ್ತಿದ್ದಳು. ಆದರೆ ಒಣದ್ರಾಕ್ಷಿಯ ಎರಡು ಶೆಡ್ಡುಗಳಾಗಿ, ತಾಲ್ಲೂಕು ಪಂಚಾಯಿತಿಗೂ ಆರಿಸಿ ಬಂದ ಮೇಲೆ ನಾನು ಆ ಜೂನ್ ಒಂದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ೨೦೧೪ರಲ್ಲಿ ಐಗಳಿ ಕ್ರಾಸಿನಲ್ಲಿ ಇಪ್ಪತ್ತು ಅಡಿಯ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿಸಿದೆ. ನಾನೇ ಕಟ್ಟಿಸಿದ್ದು, ಊರವರು ಪ್ರೀತಿಯಿಂದ ಕಟ್ಟಿದರು ಎಂದು ಸುಳ್ಳು ಹೇಳುವುದಿಲ್ಲ.

ಅಥಣಿಯ ಫ್ಲೆಕ್ಸ್ ಅಂಗಡಿಯವನು ನನ್ನದಕ್ಕಿಂತ ಮೊದಲು ಯಾರದೋ ತಿಥಿಯ ಫ್ಲೆಕ್ಸ್ ಮಾಡಿದ್ದನಂತೆ. ಫೋಟೊ ಬದಲಿಸಿದ, ಹೆಸರು ಬದಲಿಸಿದ, ಕೆಳಗಿನ ಸಾಲು ಹಾಗೇ ಉಳಿಯಿತು. ಬೆಳಿಗ್ಗೆ ಹೋಗಿ ನೋಡುತ್ತೇನೆ, ತಂಪು ಕನ್ನಡಕ ಹಾಕಿ ಕೈ ಮುಗಿದು ನಿಂತ ಮಾಳಸಿದ್ದನ, ಅಂದರೆ ನನ್ನ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಅಂಗಡಿಯವನ ವಂಶವನ್ನೆಲ್ಲ ಬೈಯುತ್ತ ಅದನ್ನು ಇಳಿಸುವಷ್ಟರಲ್ಲಿ ಮೂರು ಬಸ್ಸು ದಾಟಿ ಹೋಗಿದ್ದವು.

ಫೋನುಗಳು ಶುರುವಾದವು. ಸತ್ತ ಮೇಲೆ ಜನ ಏನನ್ನುತ್ತಾರೆ ಕೇಳೋಣ ಎಂಬ ಕೆಟ್ಟ ಆಸೆ ನನಗೆ. ಹೆಂಡತಿ ರಾಜೇಶ್ವರಿಯ ಕೈಗೆ ಫೋನು ಕೊಟ್ಟು ಸ್ಪೀಕರ್ ಹಾಕಿಸಿದೆ. ಒಬ್ಬ, ನನ್ನ ಸೀಟಿಗೆ ಇನ್ನು ಯಾರು ನಿಲ್ಲುತ್ತಾರೆ ಎಂದು ಕೇಳಿದ. ಇನ್ನೊಬ್ಬ, ಶೆಡ್ಡು ಬಾಡಿಗೆಗೆ ಕೊಡುತ್ತೀರಾ ಎಂದ. ಮೂರನೆಯವನು ‘ಭಾಳ ಛಲೋ ಮನಷ್ಯಾ ಇದ್ದರು’ ಎಂದು ಅದೇ ಉಸಿರಿನಲ್ಲಿ ಈ ವರ್ಷದ ಮಾಲು ಯಾರಿಗೆ ಹೋಗುತ್ತದೆ ಎಂದು ವಿಚಾರಿಸಿದ. ಎಲ್ಲರಿಗೂ ರಾಜೇಶ್ವರಿ, “ಇನ್ನೂ ಜೀವಂತ ಅದಾರ್ರಿ” ಎಂದು ಫೋನು ಇಡುತ್ತಿದ್ದಳು. ಒಬ್ಬರ ಗಂಟಲೂ ಕಟ್ಟಿರಲಿಲ್ಲ.

“ಒಬ್ಬನರೇ ಅತ್ತನೇನು ನೋಡು,” ಎಂದೆ. ನಿಜವಾಗಿಯೂ ದುಃಖವಾಗಿತ್ತು.

“ಕಂಬಳ್ಯಾಗ ಉಣ್ಣಾಕ ಕುಂತು ಕೂದಲಾ ಬಂತು ಅಂದ್ರ ಹ್ಯಾಂಗ?” ಎಂದಳು ಅವಳು. “ಇಂಥಾ ಮಂದೀನ ಸುತ್ತ ಕೂಡಿಸಿದವರು ನೀವ ಅಲ್ಲ?”

ಹನ್ನೊಂದರ ಹೊತ್ತಿಗೆ ಒಬ್ಬ ಮುದುಕಿ ಗೇಟು ತೆಗೆದು ಬಂದಳು. ಸೆರಗಿನಲ್ಲಿ ತೆಂಗಿನಕಾಯಿ, ಕಣ್ಣಲ್ಲಿ ಧಾರಾಕಾರ ನೀರು. ಮೆಟ್ಟಿಲ ಬಳಿ ಕುಸಿದು ಕುಳಿತು, “ಎಂಥಾ ದೇವರಂಥಾ ಮನಷ್ಯಾನ್ನ ಒಯ್ದನವ್ವಾ ದೇವರು,” ಎಂದು ಅಳತೊಡಗಿದಳು. ನನಗೆ ನಾಚಿಕೆಯಾಗಬೇಕಿತ್ತು, ಎದೆ ತಂಪಾಯಿತು. ಹೊರಗೆ ಬಂದು, “ಅವ್ವಾ, ನಾ ಸತ್ತಿಲ್ಲ. ಅದು ಫ್ಲೆಕ್ಸಿನವನ ತಪ್ಪು,” ಎಂದೆ.

ಅವಳು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. “ಹಂಗಾರ ನಾ ಅತ್ತಿದ್ದು ಯಾರಿಗೆ?” ಎಂದು ಕೇಳಿ, ಅಳುತ್ತಳುತ್ತಲೇ ನಗತೊಡಗಿದಳು.

ತೆಲಸಂಗದ ಜನಾಬಾಯಿ ಅವಳು. ಬಸ್ಸಿನಲ್ಲಿ ಪಕ್ಕದವರು ಫ್ಲೆಕ್ಸ್ ಓದಿ ಹೇಳಿದ್ದೇ ತಡ, ಅಲ್ಲೇ ಇಳಿದಿದ್ದಳು. ಚಹಾ ಕುಡಿಯುತ್ತ ಒಂಬತ್ತು ವರ್ಷದ ಹಿಂದಿನ ಮಾತು ತೆಗೆದಳು.

“ಬ್ಯಾಸಗಿ ಇತ್ತರಿ. ನನ್ನ ಸೊಸಿ ನೀಲಮಗ ದಾರ್ಯಾಗ ಹೊಟ್ಟಿ ಬ್ಯಾನಿ ಸುರು ಆತು. ಕೈ ಮಾಡಿದ್ರ ಒಂದ ಗಾಡಿ ನಿಂದರಲಿಲ್ಲ. ನೀವು ನಿಂದರಿಸಿದ್ರಿ. ಅಕಿ ಮಲಗಾಕ ಅಂತ ಅರ್ಧ ದ್ರಾಕ್ಷಿ ಕ್ರೇಟ ರಸ್ತೇದ ಮ್ಯಾಲ ಇಳಿಸಿದ್ರಿ. ಅಥಣಿ ದವಾಖಾನಿಗೆ ಒಯ್ದು, ಕೂಸು ಹುಟ್ಟೂತನಾ ಕುಂತ್ರಿ. ನಿಮ್ಮ ರುಮಾಲ ಬಿಚ್ಚಿ ಕೂಸಿಗೆ ಸುತ್ತಿದ್ರಿ. ಹೆಸರ ಕೇಳಿದ್ರ ನಕ್ಕೊಂತ ಹ್ವಾದ್ರಿ. ಗಾಡಿ ಗಾಜಿನ ಮ್ಯಾಲ ‘ಮಾಳಸಿದ್ದ, ಐಗಳಿ’ ಅಂತ ಬರದಿದ್ದು ನನ್ನ ಮಗ ಓದಿದ. ಮೊಮ್ಮಗಗ ಮಾಳೇಶ ಅಂತ ನಿಮ್ಮ ಹೆಸರ ಇಟ್ಟೇವ್ರಿ. ಈಗ ಸಾಲ್ಯಾಗ ನಾಕನೇತ್ತೆ ಅದಾನ.” ನನ್ನನ್ನು ಮತ್ತೆ ನೋಡಿದಳು. “ಆವಾಗ ಕಡ್ಡಿ ಹಂಗ ಇದ್ರಿ. ಈಗ ಗುರ್ತ ಸಿಗವಲ್ಲದು.”

ನನಗೆ ಒಂದಿಷ್ಟೂ ನೆನಪಾಗಲಿಲ್ಲ. “ಅದೇನ್ ದೊಡ್ಡದಲ್ಲ ಬಿಡವಾ,” ಎಂದೆ. ಆ ಮಾತು ಅಷ್ಟು ಸಲೀಸಾಗಿ ಹೇಗೆ ಬಾಯಿಗೆ ಬಂತೋ ದೇವರೇ ಬಲ್ಲ.

ನಾಲ್ಕು ದಿನ ಅದೇ ಗುಂಗು. ಇಷ್ಟು ವರ್ಷ ದುಡಿದೆ, ಗೆದ್ದೆ, ಹಾರ ಹಾಕಿಸಿಕೊಂಡೆ. ಸತ್ತರೆ ಅಳುವವಳು ಒಬ್ಬಳೇ, ಅದೂ ನಾನು ಮರೆತ ಕೆಲಸಕ್ಕೆ. ಹಾಗಾದರೆ ಬದುಕಿದ್ದು ಆ ಒಂದು ದಿನವೇ ಏನು? ಮಾಡಿದ್ದೆನೋ ಇಲ್ಲವೋ? ಕಣ್ಣು ಮುಚ್ಚಿ ಕೂತರೆ ನೆನಪೂ ಬರತೊಡಗಿತು: ದ್ರಾಕ್ಷಿಯ ವಾಸನೆ, ಹೆಂಗಸಿನ ನರಳಾಟ, ಕೂಸಿನ ಅಳು. ಕಣ್ಣು ತೆರೆದರೆ ಎಲ್ಲ ಮಂಗಮಾಯ. ಮನಸ್ಸೂ ಆ ಫ್ಲೆಕ್ಸ್ ಅಂಗಡಿಯವನ ಹಾಗೆಯೇ, ಕೇಳಿದ್ದನ್ನು ಛಾಪಿಸಿ ಕೊಡುತ್ತದೆ.

ಐದನೆಯ ದಿನ ಊಟಕ್ಕೆ ಕೂತಾಗ ರಾಜೇಶ್ವರಿ ಕೇಳಿದಳು. “ನಿಮಗ ಟೆಂಪೊ ಹೊಡ್ಯಾಕ ಬರತೈತೇನ್ರಿ?”

“ಇಲ್ಲ. ಡ್ರೈವರ್ ಬಾಜೂಕ ಕುಂತಿದ್ನಿ ಅನಸ್ತೈತಿ.”

“ಯಾರದೋ ದುಡ್ಡು, ಎಲ್ಲಮ್ಮನ ಜಾತ್ರಿ,” ಎಂದು ರೊಟ್ಟಿ ಹಾಕಿದಳು. “ಗಾಡಿ ನಿಮ್ಮ ಡ್ರೈವರ್ ಬಾಳು ಹೊಡೀತಿದ್ದ. ಅರ್ಧ ಕ್ರೇಟ ಬಿಸಿಲಿಗೆ ಇಟ್ಟು ಕೆಡಿಸ್ಯಾನ ಅಂತ ಅವನ್ನ ಓಡಿಸಿದ್ರಲ್ಲ, ಅದ ದಿನಾ ಇದು.”

ಈಗ ನಿಜವಾದ ನೆನಪು ಬಂತು, ಕರೆಯದೆ. ಮಧ್ಯಾಹ್ನ ಮೂರಾಗಿತ್ತು. ಶೆಡ್ಡಿನ ಮುಂದೆ ಗಾಡಿ ನಿಂತಿತು. ಕ್ರೇಟುಗಳ ತಳಕ್ಕೆ ರಸ್ತೆಯ ಮಣ್ಣು ಮೆತ್ತಿತ್ತು, ಹಣ್ಣು ಬಿಸಿಯಾಗಿ ರಸ ಸೋರುತ್ತಿತ್ತು. ಬಾಳು ಏನೋ ಹೇಳಲು ಬಾಯಿ ತೆರೆದ. ಇಪ್ಪತ್ತು ಹೆಣ್ಣಾಳುಗಳ ಎದುರು ಅವನ ಕೆನ್ನೆಗೆ ಹೊಡೆದೆ. ಇನ್ನು ಇತ್ತ ಕಾಲಿಡಬೇಡ ಎಂದೆ. ಆ ಸುಡುಬಿಸಿಲಿನಲ್ಲಿ ಅವನ ತಲೆಯ ಮೇಲೆ ರುಮಾಲು ಇರಲಿಲ್ಲ. ಅದನ್ನು ಆಗಲೇ ನೋಡಿದ್ದೆ, ಯಾಕೆ ಎಂದು ಕೇಳಿರಲಿಲ್ಲ.

ಬಾಳು ಸದಲಗಾದಲ್ಲಿ ಹಾಲಿನ ಗಾಡಿ ಹೊಡೆಯುತ್ತಾನೆ ಎಂದು ಗೊತ್ತಾಯಿತು. ಮರುದಿನ ಹೋದೆ. ಹಾಲಿನ ಕ್ಯಾನು ಏರಿಸುತ್ತಿದ್ದ. ಹಾಗೆಯೇ ಇದ್ದಾನೆ, ಕಡ್ಡಿಯಂತೆ. ಮೊದಲೆಲ್ಲ ‘ಲೇ ಬಾಳ್ಯಾ’ ಎಂದು ಕೂಗುತ್ತಿದ್ದೆ. ಈಗ ಏನೆಂದು ಕರೆಯಬೇಕೋ ತಿಳಿಯದೆ ಸುಮ್ಮನೆ ಎದುರಿಗೆ ನಿಂತೆ. ಅವನೇ ನೋಡಿ, “ಸಾವಕಾರ್ರ, ಇತ್ಲಾಗ ಎಲ್ಲಿ ಬಂದ್ರಿ?” ಎಂದ.

ಜನಾಬಾಯಿಯ ವಿಷಯ ಹೇಳಿದೆ. ಅವನು ಮೊದಲು ಕೇಳಿದ್ದು, “ಕೂಸು ಹ್ಯಾಂಗ ಐತ್ರಿ?” ಎಂದು.

“ನಾಕನೇತ್ತೆ ಅದಾನ. ಅವತ್ತ ಯಾಕ ಹೇಳಲಿಲ್ಲ ನೀ?”

“ನೀವು ಕೇಳಲೇ ಇಲ್ಲಲ್ರಿ.” ಸಿಟ್ಟಿಲ್ಲದೆ, ಕ್ಯಾನಿನ ಮುಚ್ಚಳ ಬಿಗಿ ಮಾಡುತ್ತ ಹೇಳಿದ.

“ತಪ್ಪಾತು ಬಾಳು.”

“ಮೂರ ತಿಂಗಳ ಕೆಲಸ ಸಿಗಲಿಲ್ಲರಿ. ಮನ್ಯಾಗ ಭಾಳ ತ್ರಾಸಾತು. ಸುಳ್ಳ ಯಾಕ ಹೇಳ್ಲಿ, ನಿಮಗ ಶಾಪಾನೂ ಹಾಕೇನಿ.” ಕೊನೆಯ ಕ್ಯಾನು ಏರಿಸಿ, “ಆದ್ರ ಗಾಡಿ ನಿಂದರಿಸಬಾರದಿತ್ತು ಅಂತ ಎಂದೂ ಅನಸಲಿಲ್ಲರಿ,” ಎಂದ.

ತೆಲಸಂಗಕ್ಕೆ ಬಾ, ಆ ಮುದುಕಿಗೆ ನಿನ್ನನ್ನು ತೋರಿಸುತ್ತೇನೆ, ಅವಳು ಬೇರೆಯವನ ಹೆಸರಿಗೆ ಕೈ ಮುಗಿಯುತ್ತಿದ್ದಾಳೆ ಎಂದೆ. ಅವನು ನಕ್ಕ.

“ಹುಡಗ ಆರಾಮ ಅದಾನಲ್ಲ, ಮತ್ತೇನ್ ಬೇಕ್ರಿ? ಹಾಲ ಕೆಡತಾವು. ತಡಾ ಆದ್ರ ಮಾಲಕ ಬಯ್ತಾನ,” ಎಂದು ಗಾಡಿ ಹತ್ತಿ ಹೋದ. ಆ ಗಾಡಿಯ ಗಾಜಿನ ಮೇಲೂ ಬೇರೆ ಯಾರದೋ ಹೆಸರಿತ್ತು.

ಬಸ್ಸಿನಲ್ಲಿ ಕೂತು ತಲೆ ಕೆಟ್ಟು ಹೋಯಿತು. ಮಾಡಿದವನಿಗೆ ಹೆಸರು ಬೇಡ. ಮಾಡದವನು ಹೆಸರಿಗೆ ಸಾಯುತ್ತಿದ್ದಾನೆ. ಸುಮ್ಮನಿದ್ದರೆ ಒಬ್ಬಳಾದರೂ ನನಗಾಗಿ ಅಳುತ್ತಾಳೆ. ಬಾಳುವಿಗೇನೂ ನಷ್ಟವಿಲ್ಲ, ಅವನೇ ಬೇಡ ಎಂದಿದ್ದಾನೆ. ಹೇಳಿಬಿಟ್ಟರೆ ನನ್ನ ಕೈಯಲ್ಲಿ ಏನು ಉಳಿಯಿತು? ಎರಡು ಶೆಡ್ಡು, ಒಂದು ಸುಳ್ಳು ಹುಟ್ಟಿದ ದಿನ. ಐಗಳಿ ಕ್ರಾಸ್ ಬಂತು. ಕಂಡಕ್ಟರ್ ಇಳಿಯಿರಿ ಎಂದ. ನಾನು ಇಳಿಯಲಿಲ್ಲ, ತೆಲಸಂಗದವರೆಗೆ ಟಿಕೀಟು ತೆಗೆಸಿದೆ. ಧೈರ್ಯದಿಂದ ತೆಗೆಸಿದ್ದಲ್ಲ. ಇಳಿದರೆ ಮತ್ತೆ ಹತ್ತುವುದಿಲ್ಲ ಎಂದು ಗೊತ್ತಿತ್ತು.

ಜನಾಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಹಿಗ್ಗಿ, ಕಂಬಳಿ ಹಾಸಿದಳು. ಮೊಮ್ಮಗ ಶಾಲೆಯಿಂದ ಇನ್ನೇನು ಬರುತ್ತಾನೆ, ಕಾಲಿಗೆ ಬೀಳಿಸುತ್ತೇನೆ ಎಂದಳು. ಅವನು ಬರುವ ಮೊದಲೇ ಮುಗಿಸಬೇಕೆಂದು ನಿಂತಲ್ಲೇ ಎಲ್ಲ ಹೇಳಿದೆ. ಬಾಳುವಿನ ಹೆಸರು ಹೇಳಿದೆ, ಊರು ಹೇಳಿದೆ, ಕೆನ್ನೆಗೆ ಹೊಡೆದದ್ದನ್ನೂ ಹೇಳಿದೆ.

ಅವಳ ಕೈಯಲ್ಲಿನ ಮೊರ ನಿಂತಿತು. ಬೈಯಲಿಲ್ಲ. ದಾರಿ ತಪ್ಪಿ ಮನೆಗೆ ಬಂದವನನ್ನು ವಿಚಾರಿಸುವಂತೆ, ಮೆಲ್ಲಗೆ ಕೇಳಿದಳು.

“ಹಂಗಾರ ನೀವು ಯಾರ್ರಿ?”

ತಾಲ್ಲೂಕು ಪಂಚಾಯಿತಿ ಮೆಂಬರ್ ಎನ್ನಲು ಬಾಯಿ ತೆರೆದೆ.

“ಗಾಡಿ ನಂದಿತ್ತವ್ವಾ,” ಎಂದೆ.