ಪಟ್ಟಿ ಬಿಚ್ಚುವ ದಿನ

"ಕೊರಳಾಗಿನದು ತಗೀಬೇಕು, ಅಜ್ಜಿ. ಡಾಕ್ಟರ ರಾಗಾವತೀಲ, ಸಿಟ್ಟಾಗ್ತಾರ," ಎಂದು ನರ್ಸು ಕಾಂಚನಬಾಯಿ ಮೂರನೆಯ ಸಲ ಹೇಳಿದಾಗ ಅನ್ನವ್ವ ಎರಡೂ ಕೈಯಿಂದ ಎದೆ ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತುಬಿಟ್ಟಳು.

"ಬೇಕಾದ್ರ ತಲಿ ತಗೀರಿ. ಲಿಂಗ ತಗ್ಯಾಂಗಿಲ್ಲ."

ಗಡಹಿಂಗ್ಲಜದ ಆ ಶಾಲೆಗೆ ಹತ್ತು ದಿನ ರಜೆ ಕೊಟ್ಟು ಮುದುಕರಿಗಾಗಿ ಪುಕ್ಕಟೆ ಕಣ್ಣಿನ ಶಿಬಿರ ಮಾಡಿದ್ದರು. ಮೂರನೆಯ ಇಯತ್ತೆಯ ಕೋಣೆಯೇ ಆಪರೇಶನ್ ಕೋಣೆ. ಅದರ ಬಾಗಿಲಿನಿಂದ ಗಂಟೆ ಕಟ್ಟಿದ ಬೇವಿನ ಮರದವರೆಗೂ ಸಾಲು ಹಚ್ಚಿ ನಿಂತವರೆಲ್ಲ ಕಣ್ಣಿಗೆ ಪೊರೆ ಬಂದವರು. ಯಾವ ಕಣ್ಣು ಕೊಯ್ಯಬೇಕೋ ಅದರ ಹುಬ್ಬಿನ ಮೇಲೆ ನೀಲಿ ಔಷಧದ ಗುರುತು. ಸಾಲಿನ ಮುಂದಕ್ಕೆ ಬಂದು ನಿಂತ ಅನ್ನವ್ವ ಒಬ್ಬಳ ಹಟದಿಂದ ಇಡೀ ಸಾಲು ಅರ್ಧ ತಾಸು ಬಿಸಿಲಲ್ಲಿ ಕಾಯ್ದಿತ್ತು.

ಅರವತ್ತೆಂಟು ವರ್ಷದಲ್ಲಿ ಒಂದು ದಿನವೂ ಲಿಂಗ ಅವಳ ಮೈಯಿಂದ ಇಳಿದಿರಲಿಲ್ಲ. ಐದು ಹೆರಿಗೆಯಲ್ಲಿ ಇಳಿದಿಲ್ಲ, ಊರಿಗೆ ಊರೇ ಗುಡಿಸಲು ಹಾಕಿಕೊಂಡು ಹೊಲಕ್ಕೆ ಹೋಗಿದ್ದ ಪ್ಲೇಗಿನಲ್ಲೂ ಇಳಿದಿಲ್ಲ. ಲಿಂಗ ಬಿಟ್ಟ ಮೈ ಹೆಣ ಎಂದು ಅವಳ ಅತ್ತೆ ಹೇಳುತ್ತಿದ್ದಳು. ಹಾಗೆ ನೋಡಿದರೆ ನೂಲದಿಂದ ಚಕ್ಕಡಿ ಹೂಡಿಸಿಕೊಂಡು ಅವಳು ಇಲ್ಲಿಗೆ ಬಂದದ್ದೇ ಆ ಲಿಂಗಕ್ಕಾಗಿ. ಬೆಳಗಿನ ಪೂಜೆಯಲ್ಲಿ ಎಡ ಅಂಗೈಯಲ್ಲಿಟ್ಟುಕೊಂಡು ರೆಪ್ಪೆ ಬಡಿಯದೆ ನೋಡಬೇಕು. ಎರಡು ವರ್ಷದಿಂದ ಅಂಗೈಯಲ್ಲಿ ಕಾಣುತ್ತಿದ್ದುದು ಬರೀ ಒಂದು ಕರಿ ಮಸಿ. ಅದನ್ನು ನೋಡುವುದಕ್ಕಾಗಿ ಬಂದವಳಿಗೆ ಅದನ್ನೇ ತೆಗೆದಿಡು ಎಂದರೆ ಯಾವ ನ್ಯಾಯ?

"ಏ ಯವ್ವಾ, ರಟ್ಟಿಗೆ ಕಟ್ಟಿಸ್ಕೋ," ಎಂದಿತು ಹಿಂದಿನಿಂದ ಒಂದು ಗಡಸು ದನಿ. "ಕೊರಳಾಗಿದ್ರೇನು, ರಟ್ಟ್ಯಾಗಿದ್ರೇನು. ನಮ್ಮ ಟಗರಿಗೆ ಕೋಡಿಗೆ ತಾಯತ ಕಟ್ತೇವಿ, ದೇವರಿಗೆ ಗೊತ್ತಾಗೂದಿಲ್ಲೇನು?"

ಗೌಡರ ಮನೆಯ ಹೆಣ್ಣುಮಗಳ ಲಿಂಗವನ್ನು ಟಗರಿನ ತಾಯತದ ಪಕ್ಕಕ್ಕೆ ತಂದು ನಿಲ್ಲಿಸಿದ್ದಕ್ಕೆ ಅನ್ನವ್ವನಿಗೆ ಮೈ ಉರಿಯಿತು. ಆದರೆ ಕಾಂಚನಬಾಯಿ ಅಷ್ಟರಲ್ಲಿ ದಾರವನ್ನು ಬಲಗೈಯ ರೆಟ್ಟೆಗೆ ಇಳಿಸಿ, ಲಿಂಗ ಸುತ್ತಿದ್ದ ಪಾವಡದ ಅರಿವೆಗೆ ಎರಡು ಗಂಟು ಹಾಕಿ, "ಪಟ್ಟಿ ಬಿಚ್ಚೂ ತನಕಾ ಇದನ್ನ ಬಿಚ್ಚಬಾರದು," ಎಂದು ಬೆರಳಾಡಿಸಿ ಒಳಗೆ ಕರೆದುಕೊಂಡು ಹೋಗಿಯಾಗಿತ್ತು.

ಆ ಗಡಸು ದನಿಯೇ ಸಂಜೆ ಪಕ್ಕದ ಹಾಸಿಗೆಯಿಂದ ಕೇಳಿತು. ಹಾಸಿಗೆಯೆಂದರೆ ಎರಡೆರಡು ಬೆಂಚು ಜೋಡಿಸಿ ಮೇಲೆ ಹುಲ್ಲಿನ ಗಾದಿ ಹಾಕಿದ್ದು. ಎರಡೂ ಕಣ್ಣಿಗೆ ಪಟ್ಟಿ, ತಲೆಯ ಅತ್ತ ಇತ್ತ ಮರಳಿನ ಚೀಲ. ಏಳಬಾರದು, ಹೊರಳಬಾರದು, ಕೆಮ್ಮಬಾರದು, ಬಗ್ಗುವ ಮಾತಂತೂ ಎತ್ತಲೇಬಾರದು. ಬಗ್ಗಿದರೆ ಕಣ್ಣಿನ ಹೊಲಿಗೆ ಬಿಚ್ಚಿ ಒಳಗಿನದೆಲ್ಲ ಹೊರಗೆ ಬರುತ್ತದೆ ಎಂದು ಡಾಕ್ಟರರು ಮರಾಠಿಯಲ್ಲಿ ಹೇಳಿದ್ದನ್ನು ಕಾಂಚನಬಾಯಿ ಕನ್ನಡದಲ್ಲಿ ಒಬ್ಬೊಬ್ಬರ ಕಿವಿಗೂ ಹಾಕಿ ಹೋಗಿದ್ದಳು. ಎಂಟು ದಿನ ಹೀಗೆ. ಗಡಹಿಂಗ್ಲಜದಲ್ಲಿ ಅದು ಮೆಣಸಿನಕಾಯಿಯ ಸುಗ್ಗಿ ಬೇರೆ. ಪೇಟೆಯ ಕಡೆಯಿಂದ ಗಾಳಿ ಬೀಸಿದರೆ ಸಾಕು, ಹನ್ನೆರಡು ಮುದುಕಿಯರು ಸೀನು ಬಾರದಿರಲೆಂದು ಹನ್ನೆರಡು ದೇವರಿಗೆ ಹರಕೆ ಹೊರುತ್ತಿದ್ದರು.

"ನಾ ಹಣಮವ್ವ, ಧನಗರಾಕಿ, ಕುರಿ ಕಾಯಾಕಿ," ಎಂದಿತು ಆ ದನಿ. "ಟಗರಿನ ಮಾತಿಗೆ ಸಿಟ್ಟಾಗಿಯೇನು?"

ಅನ್ನವ್ವ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡಳು. ಆದರೆ ಕಣ್ಣು ಕಟ್ಟಿ ಮಲಗಿಸಿದ ಮನುಷ್ಯ ಎಷ್ಟು ಹೊತ್ತು ಗೌಡಿಕೆ ಮಾಡಿಯಾನು? ಮರುದಿನ ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಮಾತಿಗೆ ಬಿದ್ದಿದ್ದರು. ಮನೆಯಲ್ಲಿ ಅನ್ನವ್ವನ ಜೊತೆ ಯಾರೂ ಇಷ್ಟು ಮಾತಾಡಿ ವರ್ಷಗಳಾಗಿದ್ದವು. ಮಗ ಭೀಮಗೊಂಡ ಒಳ್ಳೆಯವನೇ, ಆದರೆ ಅವನ ಮಾತು ಉಣ್ಣು, ಮಲಗು ಎಂಬಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಬೆಳಗ್ಗೆ, ಮಧ್ಯಾಹ್ನ ಓಣಿಯ ಮನೆಗಳಿಂದ ಪಾಳಿಯ ಮೇಲೆ ಗಂಜಿ ಬರುತ್ತಿತ್ತು. ತಂದ ಹೆಣ್ಣುಮಕ್ಕಳು ಚಮಚೆಯಲ್ಲಿ ಕುಡಿಸಿ ಊರು, ಮನೆತನ ಕೇಳುತ್ತಿದ್ದರು. ಸಂಜೆಗೆ ಭಜನಿ ಮಂಡಳಿಯವರು ಪಡಸಾಲೆಯಲ್ಲಿ ಕೂತು ತಾಳ ಹಾಕುತ್ತಿದ್ದರು. ಮಾಸ್ತರರೊಬ್ಬರು ಪೇಪರು ಓದಿ ಚೀನಾ ಗಡಿಯ ಸುದ್ದಿ ಹೇಳುತ್ತಿದ್ದರು. ಅನ್ನವ್ವನಿಗೆ ಕಣ್ಣಿಲ್ಲದ ಆ ದಿನಗಳು ಹಬ್ಬದ ಹಾಗೆ ಅನಿಸಿದ್ದವು. ನಿಜ ಹೇಳಬೇಕೆಂದರೆ ಆಕೆ ಸುಖವಾಗಿದ್ದಳು.

"ನಿಂದು ಇನ್ನೊಂದು ಕಣ್ಣು ಹೆಂಗೈತಿ?" ಎಂದು ಹಣಮವ್ವ ಕೇಳಿದ್ದಳು.

"ಪೊರಿ ಬಂದೈತಿ, ಇನ್ನಾ ಬಲತಿಲ್ಲಂತ. ಬರೂ ವರ್ಷ ತಗೀತಾರಂತ."

"ನಂದು ಒಂದ. ಎಡಗಣ್ಣು ಸಣ್ಣಾಕಿದ್ದಾಗ ದೇವಿ ಬ್ಯಾನಿ ಬಂದು ಹೋತು. ಇದೂ ಹೋದ್ರ ಮುಗೀತು." ಆಮೇಲೆ ತನ್ನ ಕುರಿಯ ಮಾತು ತೆಗೆದಿದ್ದಳು. "ಎರಡು ವರ್ಷ ಆತು, ಹಿಂಡಿನ ಕೂಡ ಹೋಗಿಲ್ಲ. ಕಲ್ಲಿಗೆ ಎಡವತೇನಂತ ಮಗ ಬಿಟ್ಟು ಹೋಗ್ತಾನ. ಕುರಿ ಹ್ವಾದಮ್ಯಾಲ ದಡ್ಡಿ ಭಣಭಣ ಅಂತೈತಿ. ಈ ಸಲ ಕಣ್ಣು ಬಂದ್ರ ಕರಕೊಂಡು ಹೋಗ್ತೇನಿ ಅಂದಾನ ಕೃಷ್ಣಾತ. ಪಟ್ಟಿ ಬಿಚ್ಚಿದ ಮರುದಿನ ಹಿಂಡು ಹೊರಡೂದೈತಿ."

"ಬರತೈತಿ ತಗೋ. ಕುರುಡುಗಣ್ಣಿಗಿಂತ ಮೆಳ್ಳಗಣ್ಣು ಲೇಸು ಅಂತಾರ. ಅಷ್ಟರ ಬರತೈತಿ," ಎಂದು ಅನ್ನವ್ವ ನಗಿಸಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ಗಂಜಿ ಕುಡಿಸಿದವರು ತಾವು ಉಣ್ಣಲು ಹೋಗಿದ್ದರು. ಕೋಣೆಯಲ್ಲಿ ಮುದುಕಿಯರ ಗೊರಕೆ ಬಿಟ್ಟರೆ ಸದ್ದಿಲ್ಲ. ಮೂರು ದಿನದಿಂದ ಪೂಜೆಯಿಲ್ಲದ ಅನ್ನವ್ವನಿಗೆ ತಡೆಯಲಾಗಲಿಲ್ಲ. ಕಣ್ಣಿಲ್ಲದಿದ್ದರೆ ಬೆರಳಾದರೂ ಇದೆಯಲ್ಲ ಎಂದುಕೊಂಡು ಪಾವಡದ ಗಂಟು ಬಿಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಹೆಬ್ಬೆರಳಿನಿಂದ ಸವರುತ್ತ ಸವರುತ್ತ, ನರ್ಸು ಕೊಟ್ಟ ಗುಳಿಗೆಯ ಮಂಪರಿನಲ್ಲಿ ಕೈ ಸಡಿಲಾಯಿತು.

ಟಕ್ ಎಂದು ಬಿದ್ದ ಸದ್ದು, ಆಮೇಲೆ ಫರಸಿಕಲ್ಲಿನ ನೆಲದ ಮೇಲೆ ಉರುಳಿದ ಸದ್ದು.

"ಬಾಯೀ! ಕಾಂಚನಬಾಯೀ! ಯಾರದೀರಿ?"

ಯಾರೂ ಓಗೊಡಲಿಲ್ಲ. "ಏನಾತು?" ಎಂದಳು ಹಣಮವ್ವ.

"ಲಿಂಗ ಬಿತ್ತು. ಈಗ ಕಸ ಉಡುಗಾಕಿ ಬರ್ತಾಳ, ಕಸದಾಗ ಉಡಿಗಿ ಒಗೀತಾಳ. ನಾ ಇಳೀತೇನಿ."

"ಬ್ಯಾಡ, ಬಗ್ಗಿದ್ರ ಕಣ್ಣು ಹೋಗತೈತಿ."

"ಹೋದ್ರ ಹೋಗ್ಲಿ!"

ಅಂದದ್ದೇನೋ ನಿಜ. ಮರಳಿನ ಚೀಲ ಸರಿಸಿ ಒಂದು ಕಾಲು ಕೆಳಗೆ ಬಿಟ್ಟದ್ದೂ ನಿಜ. ಆದರೆ ಅಂಗಾಲಿಗೆ ಫರಸಿಯ ತಂಪು ತಾಗಿದ್ದೇ ತಡ, ಅವಳ ಧೈರ್ಯ ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಪಕ್ಕದ ಬೆಂಚು ಕಿರ್ರೆಂದಿತು.

"ನೀ ಮಲಕೋ. ನಾ ಬಗ್ಗಂಗಿಲ್ಲ, ಕುಂತ ಕೈಯಾಡಸ್ತೇನಿ. ಕತ್ತಲಾಗ ಕುರಿ ಹೊಟ್ಟ್ಯಾಗಿನ ಮರಿ ತಗದ ಕೈ ಇವು."

ಬೇಡ ಎನ್ನಬೇಕಾಗಿತ್ತು. ಒಂದೇ ಕಣ್ಣಿನವಳು, ಬೇಡವೇ ತಾಯಿ ಎಂದು ಕೂಗಿ ಹೇಳಬೇಕಾಗಿತ್ತು. ಮಾತು ಅನ್ನವ್ವನ ನಾಲಗೆಯ ತುದಿಗೆ ಬಂದಿತ್ತು ಕೂಡ. ಅವಳು ಕಾಲು ಮೇಲೆತ್ತಿಕೊಂಡು ಮಲಗಿದಳು.

ಫರಸಿಯ ಮೇಲೆ ಅಂಗೈ ಸವರುವ ಸದ್ದು, ಬಳೆ ತಾಗುವ ಸದ್ದು. ಕೈ ಬೆಂಚಿನ ಕಾಲ ಹತ್ತಿರ ಬಂತು, ಗೋಡೆಯ ಕಡೆ ಹೋಯಿತು, ಮತ್ತೆ ಬಂತು.

"ಸಿಕ್ಕಿತು ನೋಡು, ಇಲ್ಲೇ ಐತಿ."

"ಮುಟ್ಟಬ್ಯಾಡ!"

ಆ ಕೂಗು ಅನ್ನವ್ವನ ಬಾಯಿಂದ ಅವಳನ್ನು ಕೇಳದೆಯೇ ಹೊರಟಿತ್ತು. ಒಬ್ಬರ ಕೊರಳಿನ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಅದರಲ್ಲೂ ಕುರಿಯ ಹೊಟ್ಟೆಯಲ್ಲಿ ಆಡಿದ ಕೈ. "ಬರಿಗೈಲೆ ಹಿಡೀಬ್ಯಾಡ. ಸೆರಗಿನಾಗ ತಗೋ."

ಬೆಚ್ಚಿ ಹಿಂದೆ ಸರಿದ ಕೈಯ ಬೆರಳು ತಾಗಿ ಲಿಂಗ ಮತ್ತೆ ಉರುಳಿತು, ಬೆಂಚಿನ ಅಡಿಗೆ, ದೂರ.

"ಹೌದ್ರಿ," ಎಂದಳು ಹಣಮವ್ವ.

ನಾಲ್ಕು ದಿನದಿಂದ ನೀನು ತಾನು ಎನ್ನುತ್ತಿದ್ದವಳು. ಆಮೇಲೆ ಸೀರೆ ಸರಬರ ಎಂದಿತು, ಮೈ ನೆಲಕ್ಕೆ ಒರಗಿದ ಸದ್ದಾಯಿತು. ಅವಳು ಹೊಟ್ಟೆಯ ಮೇಲೆ ಮಲಗಿ, ತಲೆ ತಗ್ಗಿಸಿ ಬೆಂಚಿನ ಅಡಿಗೆ ತೂರಿಕೊಂಡದ್ದು ಅನ್ನವ್ವನಿಗೆ ಕಣ್ಣಿಲ್ಲದೆಯೂ ಕಂಡಿತು. ಏದುಸಿರು ಬಿಡುತ್ತ ಮೇಲೆ ಬಂದು, ಸೆರಗಿನಲ್ಲಿ ಹಿಡಿದದ್ದನ್ನು ಅನ್ನವ್ವನ ಬೊಗಸೆಗೆ ಬಿಟ್ಟಳು. "ತಗೋರಿ." ಹಾಸಿಗೆ ಹತ್ತುವಾಗ ಹಲ್ಲಿನ ಸಂದಿಯಲ್ಲಿ ಒಮ್ಮೆ ಸ್ಸ್ ಎಂದಳು.

"ನೋವಾತೇನು, ಹಣಮವ್ವಾ?"

"ಇಲ್ರಿ."

ಸಂಜೆ ಕಾಂಚನಬಾಯಿ ಬಂದು ಯಾರಿಗಾದರೂ ನೋವಿದೆಯೇ ಎಂದು ಕೇಳಿದಾಗ ಹಣಮವ್ವ ತುಟಿ ಪಿಟಕ್ಕೆನ್ನಲಿಲ್ಲ. ಅನ್ನವ್ವನೂ ಬಾಯಿ ಬಿಡಲಿಲ್ಲ. ಹೇಳಿದರೆ ಡಾಕ್ಟರು ಬೈಯುತ್ತಾರೆ, ಲಿಂಗ ಕಿತ್ತಿಟ್ಟುಕೊಳ್ಳುತ್ತಾರೆ, ಶಿಬಿರದಿಂದಲೇ ಹೊರಗೆ ಹಾಕಿದರೂ ಹಾಕಿದರು. ನಾಳೆ ಹೇಳಿದರಾಯಿತು. ನಾಳೆಯೂ ಅದೇ ಲೆಕ್ಕ, ನಾಡಿದ್ದೂ ಅದೇ. ಪಡಸಾಲೆಯಲ್ಲಿ ಭಜನೆಯ ತಾಳ ಬೀಳುತ್ತಿದ್ದಾಗ ಪಕ್ಕದಲ್ಲಿ ಕಂಬಳಿಯ ಅಂಚು ಕಚ್ಚಿ ಹಿಡಿದು ನರಳುವುದು ಅನ್ನವ್ವನಿಗೆ ಕೇಳುತ್ತಿತ್ತು. ಕೇಳಿಸದವಳ ಹಾಗೆ ಮಲಗಿರುತ್ತಿದ್ದಳು. ಹೀಗೂ ಒಂದು ಬಾಳೇ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು. ಆದರೂ ಬಾಯಿ ಬರಲಿಲ್ಲ. ಇಬ್ಬರ ನಡುವೆ ಮಾತು ಅಲ್ಲಿಗೆ ನಿಂತುಹೋಯಿತು.

ಎಂಟನೆಯ ದಿನ ಬೆಳಗ್ಗೆ ಡಾಕ್ಟರರು ಕೈಯಲ್ಲಿ ದಪ್ಪ ಗಾಜು ಹಿಡಿದುಕೊಂಡು ಹಾಸಿಗೆಯಿಂದ ಹಾಸಿಗೆಗೆ ಬಂದರು. ಅನ್ನವ್ವನ ಪಟ್ಟಿ ಬಿಚ್ಚಿದಾಗ ಮೊದಲು ಬರೀ ಬೆಳಕು ನುಗ್ಗಿತು, ಆಮೇಲೆ ಮಂಜು. ಗಾಜು ಕಣ್ಣಿನ ಮುಂದೆ ಬಂದದ್ದೇ ಮಂಜು ಹರಿಯಿತು.

"ಕಿತೀ ಬೋಟಂ, ಆಜೀ?"

"ಐದ್ರಿ! ಐದು ಬೆರಳು!" ಐದೇ ಏಕೆ, ಬೆರಳಿನ ಉಗುರು ಕಂಡಿತು, ಡಾಕ್ಟರರ ಅಂಗಿಯ ಗುಂಡಿ ಕಂಡಿತು, ಗೋಡೆಯ ಮೇಲೆ ಬರೆದ ಮಗ್ಗಿ ಕಂಡಿತು. ಅವಳು ಚಿಕ್ಕ ಹುಡುಗಿಯ ಹಾಗೆ ನಕ್ಕು ಕಣ್ಣೀರು ತಂದುಕೊಂಡಳು. ಕಾಂಚನಬಾಯಿ ಅಳಬೇಡ ಎಂದು ಗದರಿಸಿ, ಗಾಜನ್ನು ಕಸಿದುಕೊಳ್ಳದೆ ಒಂದು ಗಳಿಗೆ ಅವಳ ಕೈಯಲ್ಲೇ ಬಿಟ್ಟಳು. ಅನ್ನವ್ವ ಅದರೊಳಗಿಂದ ಪಕ್ಕಕ್ಕೆ ತಿರುಗಿ ನೋಡಿದಳು.

ದನಿಗೆ ತಕ್ಕ ಗಟ್ಟಿಮುಟ್ಟಾದ ಹೆಣ್ಣೊಂದನ್ನು ಅವಳು ಮನಸ್ಸಿನಲ್ಲಿ ಮಾಡಿಟ್ಟುಕೊಂಡಿದ್ದಳು. ಬೆಂಚಿನ ಮೇಲೆ ಇದ್ದುದು ಹನ್ನೆರಡು ವರ್ಷದ ಹುಡುಗಿಯಷ್ಟು ಸಣ್ಣ ಮೈ, ದೇವಿ ಸಿಡುಬಿನ ಕಲೆ ತುಂಬಿದ ಒಣ ಮುಖ. ಡಾಕ್ಟರರು ಪಟ್ಟಿ ಸುತ್ತಿಕೊಂಡರು. ಕೊನೆಯ ಹತ್ತಿ ಕಣ್ಣಿಗೆ ಅಂಟಿಕೊಂಡು ಹಳದಿಯಾಗಿತ್ತು. ಅದನ್ನು ನೀರು ಹಚ್ಚಿ ಬಿಡಿಸಿ ಬಾಗಿ ನೋಡಿದರು.

"ಪಟ್ಟಿ ಬಿಚ್ಚತೀರೇನ್ರಿ ಸಾಹೇಬ್ರ?" ಎಂದು ಹಣಮವ್ವ ಕೇಳಿದಳು.

ಆಮೇಲೆ ಅವಳೇ ಕೈ ಎತ್ತಿ ಬರಿಯ ರೆಪ್ಪೆಯನ್ನು ಮುಟ್ಟಿ ನೋಡಿಕೊಂಡಳು. ಆ ಕೈ ನಿಧಾನವಾಗಿ ಕೆಳಗಿಳಿಯಿತು.

"ವಾಕಲೀಸ ಕಾ?" ಡಾಕ್ಟರರ ದನಿ ಏರಿತು. ಕಾಂಚನಬಾಯಿ ಅದನ್ನೇ ಕನ್ನಡದಲ್ಲಿ ಕೇಳಿದಳು. "ಬಗ್ಗಿದಿ ಏನು? ಹಾಸಿಗಿ ಬಿಟ್ಟು ಇಳದಿ ಏನು?"

ಅನ್ನವ್ವ ಗಾಜನ್ನು ಕಣ್ಣಿನಿಂದ ಕೆಳಗಿಳಿಸಿದಳು.

"ಇಲ್ರಿ," ಎಂದಳು ಹಣಮವ್ವ. "ಸೀನು ಬಂತ್ರಿ. ಭಾಳ ಬಂದ್ವು. ಮೆಣಸಿನಕಾಯಿ ಘಾಟು."

ಮಧ್ಯಾಹ್ನ ಎಲ್ಲರಿಗೂ ಒಂದೊಂದು ಕರಿ ಚೌಕಟ್ಟಿನ ದಪ್ಪ ಚಾಳೀಸು ಕೊಟ್ಟರು, ಹಣಮವ್ವನ ಹೊರತು. ಭೀಮಗೊಂಡ ಚಕ್ಕಡಿ ತಂದು ಗೇಟಿನ ಹತ್ತಿರ ನಿಲ್ಲಿಸಿ ತಾಯಿಯ ಗಂಟು ಏರಿಸುತ್ತಿದ್ದ. ಅನ್ನವ್ವ ಚಾಳೀಸು ಹಾಕಿಕೊಂಡು ಬೇವಿನ ಮರದ ಕೆಳಗೆ ನಿಂತಿದ್ದಳು. ಹೆಗಲಿಗೆ ಕಂಬಳಿ ಹಾಕಿದ ಎತ್ತರದ ಆಳೊಬ್ಬ ಕಾಂಚನಬಾಯಿಯ ಮಾತನ್ನು ತಲೆ ತಗ್ಗಿಸಿ ಕೇಳಿ, ಬಂದು ಹಣಮವ್ವನ ಕೈ ಹಿಡಿದ. ಅವಳ ಮಗ ಕೃಷ್ಣಾತ. ಅವಳು ಅವನ ಕಂಬಳಿಯ ತುದಿ ಹಿಡಿದು ಹೆಜ್ಜೆ ಹುಡುಕುತ್ತ ಬಂದಳು.

"ಅನ್ನವ್ವಾರು ಎಲ್ಲದಾರ?"

"ಇಲ್ಲೇ ಅದೇನಿ." ಅನ್ನವ್ವ ಒಂದು ಹೆಜ್ಜೆ ಮುಂದೆ ಬಂದಳು. "ಕೃಷ್ಣಾತಾ, ನಿಮ್ಮವ್ವ ಸೀನಿದ್ದಕ್ಕಲ್ಲಪಾ..."

"ಏನೂ ಹೇಳಬ್ಯಾಡ್ರಿ. ನಾಳೆ ಹಿಂಡು ಹೊರಡೂದೈತಿ, ಹೊತ್ತಾಗತೈತಿ ಅವಗ." ಹಣಮವ್ವ ಮಗನ ಕಡೆ ತಿರುಗಿದಳು. "ಗೌಡರ ಮನಿಯವರು. ಪರದೇಶಿ ಹಂಗ ಬಿದ್ದಿದ್ನಿ, ಮಾತಾಡಿಸಿ ಜೀವ ಹಿಡದಾರ. ಪಾದಾ ಮುಟ್ಟು."

ಅವಳ ಮುಖದಲ್ಲಿ ಅಣಕವಿದೆಯೇ ಎಂದು ಅನ್ನವ್ವ ಚಾಳೀಸಿನಿಂದ ಹುಡುಕಿದಳು. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಕೃಷ್ಣಾತ ಮೊಣಕಾಲೂರಿ ಬಾಗಿದ. ಅವನ ಕೂದಲಲ್ಲಿ ಸಿಕ್ಕಿದ್ದ ಉಣ್ಣೆಯ ಎಳೆ ಅವಳಿಗೆ ಕಂಡಿತು, ಬಿಸಿಲಿಗೆ ಒಡೆದ ಕುತ್ತಿಗೆ ಕಂಡಿತು. ಹಿಂಡಿನ ಕೂಡ ನಡೆಯಲೆಂದು ತಾಯಿಗೆ ಮಾಡಿಸಿ ತಂದಿದ್ದ ಹೊಸ ಕೆರಗಳು ಅವನ ಕಂಕುಳಲ್ಲಿದ್ದವು, ಎಣ್ಣೆ ತಿಕ್ಕಿದ್ದು ಇನ್ನೂ ಆರಿರಲಿಲ್ಲ. ಅವನ ಹಣೆ ಪಾದಕ್ಕೆ ತಾಗಿದಾಗ ಹರಸಲು ಎತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅನ್ನವ್ವ ನಿಂತಿದ್ದಳು. ಆ ಕೆರಗಳ ಒಂದೊಂದು ಹೊಲಿಗೆಯೂ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.